ಇಬ್ಬರಿಗಾಗುವಷ್ಟು ಡೇರೆ

ಬೇಗೂರು
11-6-1978

ಚಿ. ಸೌ. ನಾಗಲಕ್ಷ್ಮಿಗೆ ನಿನ್ನ ತಂದೆ ವೆಂಕಟರಮಣಪ್ಪನ ಆಶೀರ್ವಾದ.

ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ಹೊಸದಾಗಿ ಕಟ್ಟಿಸಿದ ಸಾಲುಮನೆಗಳಿಗೆಲ್ಲ ಫ್ಯಾಕ್ಟರಿ ಜನ ಬಾಡಿಗೆಗೆ ಬಂದಿದ್ದಾರೆ.

ಈಗ ಬರೆಯುತ್ತಿರುವ ವಿಷಯವೇನೆಂದರೆ, ನನಗೂ ನಿಮ್ಮ ಮಾವ ಲಕ್ಷ್ಮಯ್ಯನವರಿಗೂ ಕಾಡಿನಲ್ಲಿ ಮಲಗಲು ಒಂದು ಡೇರೆ ಬೇಕಾಗಿದೆ. ಮೊದಲಾದರೆ ಶಿಕಾರಿಗೆ ಲೈಸೆನ್ಸು ಇತ್ತು. ಎತ್ತಿನ ಗಾಡಿಯಲ್ಲಿ ದಪ್ಪ ಕ್ಯಾನ್ವಾಸು ಹಾಕಿಕೊಂಡು ಹೋಗಿ, ಹೊಳೆ ದಡದಲ್ಲಿ ಹೊಡೆದು ವಾರಗಟ್ಟಲೆ ಇರುತ್ತಿದ್ದೆವು. ಈಗ ಸರ್ಕಾರದವರು ಶಿಕಾರಿಯನ್ನೇ ನಿಲ್ಲಿಸಿದ್ದಾರೆ. ಜೀಪನ್ನು ಯಾವುದಾದರೂ ಹಳ್ಳಿಯಲ್ಲಿ ಬಿಟ್ಟು, ಗಾರ್ಡುಗಳ ಕಣ್ಣು ತಪ್ಪಿಸಿ ನಡೆದೇ ಒಳಗೆ ಹೋಗಬೇಕು. ಹಳೆಯ ಕ್ಯಾನ್ವಾಸು ಹೊರಲು ಆಳು ಬೇಕು. ಆಳು ಬಂದರೆ ಊರಿಗೆಲ್ಲ ಸುದ್ದಿ. ಬೀಗರು ಮೊನ್ನೆ ಚಂದಾಪುರದಿಂದ ಬಂದವರು, "ನಿನ್ ಮಗಳು ಪೀಣ್ಯದಾಗೆ ಟಾರ್ಪಾಲ್ ಹೊಲಿಯೋ ಕಡೆನೇ ಅವ್ಳಲ್ಲಯ್ಯಾ, ಅವ್ಳ ಕೈಲೇ ಒಂದ್ ಮಾಡಿಸ್ಕಂಡ್ ಬಾ. ಕಂಕುಳಾಗಿಟ್ಕಂಡ್ ಓಡಂಗಿರ್ಬೇಕು" ಎಂದರು. ಎಂಥ ಬಟ್ಟೆ ಒಳ್ಳೆಯದು, ಕೋಲು ಯಾವುದು, ವಿಚಾರಿಸಿ ಬರೆ.

ನಮ್ಮ ಬಾಡಿಗೆ ಮನೆಯ ವೆಂಕಟಮ್ಮನ ಕೈಲಿ ನೀನು ಹೇಳಿ ಕಳಿಸಿದ್ದು ಮುಟ್ಟಿತು. ನಿನ್ನ ಗಂಡ ರಾಮಾಂಜಿನಪ್ಪ ಇನ್ನೊಬ್ಬಳನ್ನು ತಂದುಕೊಂಡಿದ್ದು ನಿಜ. ಆದರೆ ಆರು ವರ್ಷ ಮಕ್ಕಳಿಗಾಗಿ ಕಾದ ಮೇಲೆ ತಂದುಕೊಂಡಿದ್ದಾನೆ. ಬೀಗರು ನನ್ನನ್ನು ಕೇಳಿಯೇ ಮಾಡಿದರು. ಬೇಡವೆನ್ನಲು ನನಗೆ ಕಾರಣ ಕಾಣಲಿಲ್ಲ. ಹೊಂದಿಕೊಂಡು ಹೋಗು.

ಇದನ್ನು ಓದಿ ಹರಿದು ಹಾಕು.

ಇಂತಿ,
ವೆಂಕಟರಮಣಪ್ಪ

—

ಲಗ್ಗೆರೆ
25-6-1978

ತೀರ್ಥರೂಪು ಅಪ್ಪನವರ ಪಾದಗಳಿಗೆ ನಾಗಲಕ್ಷ್ಮಿಯ ನಮಸ್ಕಾರ.

ಕಾಗದ ಬಂತು. ನಮ್ಮ ಕಾರ್ಖಾನೆಯ ಕಟಿಂಗ್ ಮೇಸ್ತ್ರಿಯನ್ನು ಕೇಳಿದೆ. ಕ್ಯಾನ್ವಾಸು ಒಣಗಿದ್ದಾಗಲೇ ಭಾರ. ನೆನೆದರೆ ಎರಡರಷ್ಟಾಗುತ್ತದೆ, ಮಡಿಚಲೂ ಆಗುವುದಿಲ್ಲ. ನೈಲಾನು ಬಹಳ ಹಗುರ, ನೀರೂ ಇಳಿಯುವುದಿಲ್ಲ. ಆದರೆ ಒಳಗೆ ಮಲಗಿದವರ ಉಸಿರೇ ಬಟ್ಟೆಗೆ ಹತ್ತಿ ಬೆಳಗಿನ ಹೊತ್ತಿಗೆ ಹನಿ ಬೀಳುತ್ತದೆ. ತೆಳು ಕಾಟನ್ನಿಗೆ ಮೇಣ ಕುಡಿಸಿದರೆ ಎರಡರ ನಡುವೆ ನಿಲ್ಲುತ್ತದೆ. ಹೊಲಿಗೆ ಹಾಕಿದ ಕಡೆ ಸೂಜಿಯ ತೂತಿನಿಂದ ನೀರು ಬರುತ್ತದೆ, ಅಲ್ಲಿ ಮಾತ್ರ ಮೇಣವನ್ನು ಇನ್ನೊಮ್ಮೆ ಉಜ್ಜಬೇಕು. ಮರ ಸಿಕ್ಕುವ ಕಡೆ ಕೋಲೇ ಬೇಡ, ಎರಡು ಮರಕ್ಕೆ ಹಗ್ಗ ಕಟ್ಟಿ ಮೇಲೆ ಹಾಯಿಸಬಹುದು. ಬಯಲಿಗೆ ಅಲ್ಯೂಮಿನಿಯಂ ಕೊಳವೆ ಎರಡು ಸಾಕು. ನೀವಿಬ್ಬರೇ ಮಲಗುತ್ತೀರೋ, ಬೇರೆಯವರೂ ಇರುತ್ತಾರೋ, ಬರೆಯಿರಿ. ಹಗುರವಾಗುವುದು ಬಿಡುವುದು ಅದರ ಮೇಲೆಯೇ ಇದೆ.

ಅಪ್ಪ, ಇನ್ನೊಂದು ವಿಷಯ. ನಮ್ಮದು ಒಂದೇ ಕೋಣೆಯ ಮನೆ ಎಂದು ನಿಮಗೆ ಗೊತ್ತು. ಈಗ ಬೈರಮ್ಮ ಬಂದ ಮೇಲೆ ನಾನು ಹೊರಗೆ, ಸೌದೆ ಇಡಲು ಶೀಟು ಇಳಿಸಿದ ಕಡೆ ಮಲಗುತ್ತೇನೆ. ಮೂರು ಕಡೆ ಗೋಡೆಯಿಲ್ಲ. ದಾರಿಯಲ್ಲಿ ಶಿಫ್ಟಿಗೆ ಹೋಗುವವರೆಲ್ಲ ನೋಡಿಕೊಂಡು ಹೋಗುತ್ತಾರೆ. ಬೇರೆ ಇರೋಣವೆಂದರೆ ಇಲ್ಲಿ ಒಂಟಿ ಹೆಂಗಸಿಗೆ ಯಾರೂ ಮನೆ ಕೊಡುವುದಿಲ್ಲ. ಕೇಳಿ ನೋಡಿದ್ದೇನೆ. ಬೇಗೂರಿನ ನಮ್ಮ ಸಾಲುಮನೆಯ ಕೊನೆಯಲ್ಲಿ ಹಂದಿ ಬಲೆ ಇಡುವ ಕೋಣೆಯಿದೆಯಲ್ಲ, ಅದನ್ನು ನನಗೆ ಕೊಡಿ. ಅಲ್ಲೇ ಸುತ್ತಮುತ್ತ ಕೆಲಸ ನೋಡಿಕೊಳ್ಳುತ್ತೇನೆ. ನಿಮಗೆ ಭಾರವಾಗುವುದಿಲ್ಲ.

ಅಮ್ಮನಿಗೆ ಓದಿ ಹೇಳಿ.

ನಿಮ್ಮ ಮಗಳು,
ನಾಗಲಕ್ಷ್ಮಿ

—

ಬೇಗೂರು
6-7-1978

ಚಿ. ಸೌ. ನಾಗಲಕ್ಷ್ಮಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಬೀಗರಿಗೆ ತೋರಿಸಿದೆ. ಬಟ್ಟೆಯ ವಿಷಯವನ್ನು ಚೆನ್ನಾಗಿ ಬರೆದಿದ್ದಾಳೆ ಎಂದರು. ನೈಲಾನು ಬೇಡ, ಗಾಳಿಗೆ ಸರಸರ ಎನ್ನುತ್ತದೆ. ಕಾಡುಹಂದಿಗೆ ಕಿವಿ ಜಾಸ್ತಿ. ಮೇಣದ ಬಟ್ಟೆಯೇ ಇರಲಿ. ಬಣ್ಣ ಒಣಗಿದ ಹುಲ್ಲಿನ ಹಾಗಿರಬೇಕು, ದೂರದಿಂದ ಕಾಣಬಾರದು. ನೆಲದ ಹಾಸು ಬೇಡ, ಅಷ್ಟು ತೂಕ ಉಳಿಯುತ್ತದೆ. ಇಬ್ಬರಿಗಾಗುವಷ್ಟು ಹೊಲಿ. ಮೂರನೆಯವರಿಗೆ ಜಾಗ ಇಡಬೇಡ. ಜಾಗವಿದೆಯೆಂದರೆ ಯಾರಾದರೂ ಬರುತ್ತೇನೆನ್ನುತ್ತಾರೆ.

ಬಲೆಯ ಕೋಣೆಯನ್ನು ಕೇಳಿದ್ದೀಯೆ. ಅದರಲ್ಲಿ ಬಲೆ, ಭರ್ಜಿ, ಟಾರ್ಚು, ಬೀಗರ ಸಾಮಾನು ಎಲ್ಲ ಇದೆ. ಅವನ್ನು ಎಲ್ಲಿಡಲಿ? ಅದೂ ಅಲ್ಲದೆ ನೀನು ಗಂಡನ ಮನೆ ಬಿಟ್ಟು ಬಂದು ಇಲ್ಲಿ ಕೂತರೆ ನಾನು ಬೀಗರ ಮುಖ ಹೇಗೆ ನೋಡಲಿ? ಕೋವಿ ಅವರದು, ಜೀಪು ಅವರದು. ನಾನು ಅವರ ಜೊತೆ ಕಾಡಿಗೆ ಹೋಗಲು ಶುರು ಮಾಡಿ ಇಪ್ಪತ್ತು ವರ್ಷವಾಯಿತು. ನಿನ್ನನ್ನು ಆ ಮನೆಗೆ ಕೊಟ್ಟಿದ್ದೂ ಆ ಸ್ನೇಹದಿಂದಲೇ. ಶೀಟು ಇದೆಯೆಂದು ನೀನೇ ಬರೆದಿದ್ದೀಯೆ. ಶೀಟು ಇದ್ದ ಮೇಲೆ ಮಳೆ ಮೇಲಿನಿಂದ ಬರುವುದಿಲ್ಲ.

ನಿಮ್ಮಮ್ಮನನ್ನು ಏನಾದರೂ ಬರೆಯಬೇಕೇ ಎಂದು ಕೇಳಿದೆ. ಏನಿಲ್ಲ ಎಂದಳು.

ಇಂತಿ,
ವೆಂಕಟರಮಣಪ್ಪ

—

ಲಗ್ಗೆರೆ
27-8-1978

ಅಪ್ಪನವರಿಗೆ ನಮಸ್ಕಾರ.

ಡೇರೆ ಮುಗಿಯಿತು. ಶಿಫ್ಟು ಬಿಟ್ಟ ಮೇಲೆ ಕಾರ್ಖಾನೆಯ ಮಿಷನ್ನಿನಲ್ಲೇ ಹೊಲಿದೆ, ಮೇಸ್ತ್ರಿ ಬೇಡವೆನ್ನಲಿಲ್ಲ. ಮಡಿಚಿದರೆ ತಲೆದಿಂಬಿನಷ್ಟಾಗುತ್ತದೆ.

ಸೋರುತ್ತದೆಯೋ ಇಲ್ಲವೋ ನೋಡಬೇಕಾಗಿತ್ತು. ಅದಕ್ಕೇ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹೊಡೆದು ನಾನೇ ಒಳಗೆ ಮಲಗಿದೆ. ಒಂದು ದಿನ ಎಂದು ಶುರುವಾದದ್ದು ಈ ತಿಂಗಳೆಲ್ಲ ನಡೆಯಿತು. ಮಳೆ ಜೋರಾಗಿಯೇ ಬಂತು. ಒಂದು ಹನಿ ಒಳಗೆ ಬರಲಿಲ್ಲ. ಇಷ್ಟು ದಿನದಲ್ಲಿ ನಾನು ಒಣ ಬಟ್ಟೆಯಲ್ಲಿ ಎದ್ದಿದ್ದು ಈಗಲೇ.

ನಿಮ್ಮ ಅಳಿಯಂದಿರು ಮೊದಲ ದಿನ ಬೆಳಿಗ್ಗೆ ಬೀಡಿ ಹಚ್ಚಿಕೊಂಡು ಹೊರಗೆ ಬಂದು ಅದನ್ನು ನೋಡಿ ಬಹಳ ನಕ್ಕರು. ಓಣಿಯವರನ್ನೆಲ್ಲ ಕರೆದು, "ನೋಡ್ರಪ್ಪೋ, ನಮ್ ಮಾವ ಮಗಳ್ಗೊಂದು ಮನೆ ಕಟ್ಟಿಸ್ಕೊಟ್ಟವ್ನೆ!" ಎಂದರು. ಈಗ ಇಲ್ಲಿ ಎಲ್ಲರೂ ನನ್ನನ್ನು ಡೇರೆ ನಾಗಮ್ಮ ಎನ್ನುತ್ತಾರೆ. ನೀರಿನ ನಲ್ಲಿಯ ಹತ್ತಿರ ಮಕ್ಕಳೂ ಹಾಗೆಯೇ ಕರೆಯುತ್ತಾರೆ.

ಮೊನ್ನೆಯ ಮಳೆಗೆ ಮನೆಯೊಳಗೆ ನೀರು ಬಂತು. ಬೈರಮ್ಮನಿಗೆ ಈಗ ಐದು ತಿಂಗಳು. ಅವಳು ಬಾಗಿಲಲ್ಲಿ ನಿಂತು, "ಅಕ್ಕಾ, ಒಳಗೆಲ್ಲ ಸೋರ್ತೈತೆ. ರಾಗಿ ಮೂಟೆ ನಿನ್ ಡೇರೆನಾಗ್ ಇಡ್ತೀನಿ" ಎಂದಳು. ಇಡು ಎಂದೆ. ಮೂಟೆ ಬಂತು, ಅಕ್ಕಿ ಡಬ್ಬ ಬಂತು, ಹಾಸಿಗೆ ಸುರುಳಿ ಬಂತು. ಕೊನೆಗೆ ನನಗೆ ಜಾಗವಿರಲಿಲ್ಲ. ಡಬ್ಬವನ್ನು ಹೊರಗಿಟ್ಟೆ. ಅದಕ್ಕೆ ನಿಮ್ಮ ಅಳಿಯಂದಿರು ಡೇರೆಯ ಮುಂದಿನ ಕೋಲನ್ನೇ ಕಿತ್ತು ನನಗೆ ಹೊಡೆದರು. ಬೈರಮ್ಮ, "ಸಾಕು ಬುಡಿ, ಬೆಳಿಗ್ಗೆ ಕೆಲ್ಸಕ್ಕೋಗ್ಬೇಕು ಅವ್ಳು" ಎಂದಳು. ನನ್ನ ಸಂಬಳ ಬರುವ ದಿನ ಹತ್ತಿರವಿತ್ತು.

ಆ ಕೋಲು ಸ್ವಲ್ಪ ಬಾಗಿದೆ. ಬೇರೆ ಹಾಕುತ್ತೇನೆ.

ಅಪ್ಪ, ಬಲೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಬಹುದು. ಭರ್ಜಿಯನ್ನು ಜಂತಿಗೆ ಸಿಕ್ಕಿಸಬಹುದು. ನಾನು ಒಂದು ಮೂಲೆಯಲ್ಲಿರುತ್ತೇನೆ.

ನಾಗಲಕ್ಷ್ಮಿ

—

ಬೇಗೂರು
4-9-1978

ನಾಗಲಕ್ಷ್ಮಿಗೆ,

ಡೇರೆಯನ್ನು ನಮ್ಮನ್ನು ಕೇಳದೆ ತಿಂಗಳುಗಟ್ಟಲೆ ಬಳಸಿದ್ದು ತಪ್ಪು. ಅದಕ್ಕೆ ಈಗ ನಿನ್ನ ತಲೆಯೆಣ್ಣೆ, ಒಲೆ ಹೊಗೆ ಎಲ್ಲದರ ವಾಸನೆ ಹಿಡಿದಿರುತ್ತದೆ. ಹೆಂಗಸಿನ ವಾಸನೆ ಅರ್ಧ ಹರದಾರಿ ದೂರಕ್ಕೇ ಪ್ರಾಣಿಗೆ ತಿಳಿಯುತ್ತದೆ ಎಂದು ಬೀಗರು ಸಿಟ್ಟಾಗಿದ್ದಾರೆ. ಸೀಗೆಪುಡಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಮೇಣ ಹೋದರೆ ಮತ್ತೆ ಕುಡಿಸು.

ಕೋಲು ಬಾಗಿತೆಂದು ಬರೆದಿದ್ದೀಯೆ. ಅಷ್ಟಕ್ಕೇ ಬಾಗುವ ಕೋಲು ಕಾಡಿನ ಗಾಳಿಗೆ ನಿಲ್ಲುತ್ತದೆಯೇ? ಸ್ವಲ್ಪ ದಪ್ಪದ್ದು ಹಾಕು.

ಲಾರಿ ನಲ್ಲಪ್ಪ ವಾರಕ್ಕೊಮ್ಮೆ ಪೀಣ್ಯಕ್ಕೆ ಬರುತ್ತಾನೆ, ಅವನ ಕೈಲಿ ಕಳಿಸು. ನೀನೇ ತರಬೇಡ. ನೀನು ಬಂದರೆ ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ.

ವೆಂಕಟರಮಣಪ್ಪ

—

ಚಂದಾಪುರ, ಬೀಗರ ಮನೆ
21-9-1978

ನಾಗಲಕ್ಷ್ಮಿಗೆ,

ಬರಬೇಡವೆಂದು ಬರೆದಿದ್ದೆ. ನೀನು ಬಂದೆ. ಬಂದವಳು ಡೇರೆಯನ್ನು ಬಾಗಿಲಲ್ಲಿಟ್ಟು ಹೋಗಬಹುದಿತ್ತು. ಸಾಲುಮನೆಯ ಮುಂದಿನ ಕಣದಲ್ಲಿ, ಬಾಡಿಗೆಯವರೆಲ್ಲ ನೋಡುತ್ತಿರುವಾಗ ಅದನ್ನು ಹೊಡೆದು ಒಳಗೆ ಕೂತುಬಿಟ್ಟೆ. ನನ್ನ ಅಂಗಳದಲ್ಲಿ ನನ್ನ ಮಗಳು ಹಕ್ಕಿಪಿಕ್ಕಿಯವರ ಹಾಗೆ ಡೇರೆಯಲ್ಲಿದ್ದಾಳೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಹಾಲಿನವನು ನನ್ನನ್ನೇ ಕೇಳಿದ, "ಯಜಮಾನ್ರೇ, ಯಾವುದಾರ ಕೋಣೆ ಖಾಲಿ ಇಲ್ವಾ?" ಎಂದು.

ನಿನ್ನನ್ನು ಹೊರಗೆ ಹಾಕಲು ನಾಚಿಕೆ, ಒಳಗೆ ಕರೆಯೋಣವೆಂದರೆ ಮನೆಗೆ ಸೇರಿಸುವುದಿಲ್ಲವೆಂದು ಬೀಗರಿಗೆ ಕೊಟ್ಟ ಮಾತು. ಅದಕ್ಕೇ ನಾನು ಇಲ್ಲಿ ಬಂದು ಕೂತಿದ್ದೇನೆ. ನೀನು ಅಲ್ಲಿರುವವರೆಗೆ ಬರುವುದಿಲ್ಲ. ಅಮಾವಾಸ್ಯೆ ಕಳೆದ ಮೇಲೆ ನಾವು ಹೊರಡಬೇಕು. ಅಷ್ಟರೊಳಗೆ ಡೇರೆ ಬಿಚ್ಚಿ, ಮಡಿಚಿ, ನಿಮ್ಮಮ್ಮನ ಕೈಗೆ ಕೊಟ್ಟು ಲಗ್ಗೆರೆಗೆ ಹೊರಡು. ಬೀಗರು ದೊಡ್ಡ ಮನಸ್ಸು ಮಾಡಿ ಮಗನಿಗೆ ಹೇಳುತ್ತೇನೆಂದಿದ್ದಾರೆ. ಶೀಟಿನ ಸುತ್ತ ತಟ್ಟಿ ಕಟ್ಟಿಸುತ್ತಾರಂತೆ.

ವೆಂಕಟರಮಣಪ್ಪ

—

ಬೇಗೂರು, ಕಣ
26-9-1978

ಅಪ್ಪನಿಗೆ,

ನಾನು ಕೋಣೆ ಕೇಳುವುದನ್ನು ಬಿಟ್ಟಿದ್ದೇನೆ. ಕಣ ಸಾಕು. ಸುಗ್ಗಿಗೆ ಬೇಕಾದಾಗ ಬದಿಗೆ ಸರಿಸಿಕೊಳ್ಳುತ್ತೇನೆ.

ಅಮ್ಮ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಮುದ್ದೆ ತಂದು ಡೇರೆಯ ಬಾಯಿಯಲ್ಲಿಟ್ಟು ಹೋಗುತ್ತಾಳೆ. ಮಾತಾಡುವುದಿಲ್ಲ. ನಿನ್ನೆ ಮಾತ್ರ ಬಗ್ಗಿ ಒಳಗೆ ನೋಡಿ, "ಇದ್ರಾಗೆ ಕಾಲ್ ಚಾಚಕ್ಕಾಯ್ತದಾ?" ಎಂದಳು. ಆಗುತ್ತದೆ ಎಂದೆ. ಖಾಲಿ ತಟ್ಟೆ ತೆಗೆದುಕೊಂಡು ಹೋದಳು.

ಡೇರೆ ಬೇಕಾದರೆ ನೀವೇ ಬನ್ನಿ. ಅದು ಇಲ್ಲೇ ಇದೆ, ನಾನೂ ಅದರೊಳಗೇ ಇದ್ದೇನೆ.

ನಾಗಲಕ್ಷ್ಮಿ

—

ಬೇಗೂರು
19-10-1978

ನಾಗಲಕ್ಷ್ಮಿಗೆ,

ಇದನ್ನು ನಿನ್ನ ಕಾರ್ಖಾನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಬೇರೆಲ್ಲೂ ಹೋಗಿರಲಾರೆ.

ಆ ದಿನ ನಡೆದದ್ದಕ್ಕೆ ನೀನೇ ಕಾರಣ. ಜೀಪಿನಿಂದ ಇಳಿದು ಎರಡು ಸಲ ಕೂಗಿದೆ, ನೀನು ಏಳಲಿಲ್ಲ. ಬೀಗರು ಎಂಜಿನ್ ನಿಲ್ಲಿಸದೆ ಕಾಯುತ್ತಿದ್ದರು. "ಏನಯ್ಯಾ, ಮಗಳ ಕೈಲಿ ಒಂದ್ ಬಟ್ಟೆ ಇಸ್ಕಳಕ್ಕಾಗಲ್ವಾ ನಿನ್ ಕೈಲಿ?" ಎಂದರು. ಹಗ್ಗ ಬಿಚ್ಚಿದೆ, ಕೋಲು ಕಿತ್ತೆ. ಬಟ್ಟೆ ನಿನ್ನ ಮೇಲೆ ಬಿತ್ತು. ಎಳೆದಾಗ ನೀನು ಹಿಡಿದುಕೊಂಡೆ, ಅದಕ್ಕೇ ಮಣ್ಣಿನಲ್ಲಿ ಅಷ್ಟು ದೂರ ಬಂದೆ. ಬಿಟ್ಟಿದ್ದರೆ ಬರುತ್ತಿರಲಿಲ್ಲ. ತುಂತುರು ಮಳೆಯಿತ್ತು, ನಿಜ. ಆದರೆ ಎದುರಿಗೇ ಮನೆಯ ಜಗಲಿಯಿತ್ತು, ಅಲ್ಲಿ ನಿಲ್ಲಬಹುದಿತ್ತು.

ಡೇರೆ ಚೆನ್ನಾಗಿ ಬಂದಿದೆ. ಬೀಗರು ಹೊಗಳಿದರು. ದೊಡ್ಡ ಹಂದಿ ಸಿಕ್ಕಿತು. ಗಾರ್ಡು ಕೂಗಳತೆ ದೂರದಲ್ಲಿ ಹಾದುಹೋದ, ನಾವು ಒಳಗಿರುವುದು ಅವನಿಗೆ ಕಾಣಲಿಲ್ಲ. ಆನೇಕಲ್ಲಿನ ಅವರ ಸ್ನೇಹಿತರು ತಮಗೂ ಅಂಥದೇ ಬೇಕೆನ್ನುತ್ತಿದ್ದಾರೆ.

ಮನೆಗೆ ಬಂದು ನೋಡಿದರೆ ಬೀಗ ಹಾಕಿದೆ. ಬೀಗದ ಕೈ ಬಾಡಿಗೆ ಮನೆಯ ವೆಂಕಟಮ್ಮನ ಹತ್ತಿರವಿತ್ತು. ಒಲೆಯಲ್ಲಿ ಬೂದಿ ತಣ್ಣಗಾಗಿತ್ತು, ಹಸುವನ್ನು ಯಾರೋ ಬಾಡಿಗೆಯವರು ನೋಡಿಕೊಂಡಿದ್ದರು. ನಿಮ್ಮಮ್ಮ ಎಲ್ಲಿ? ಹಂದಿ ಮಾಂಸ ತಂದಿದ್ದೆ, ಬೇಯಿಸುವವರಿಲ್ಲದೆ ಹಂಚಿಬಿಟ್ಟೆ.

ವೆಂಕಟರಮಣಪ್ಪ

—

ಪೀಣ್ಯ
5-11-1978

ಅಪ್ಪನಿಗೆ,

ಅಮ್ಮ ನನ್ನ ಜೊತೆಯಿದ್ದಾಳೆ.

ಜೀಪು ತಿರುವು ದಾಟುವವರೆಗೆ ನಾನು ಅಲ್ಲೇ ಮಣ್ಣಿನಲ್ಲಿ ಕೂತಿದ್ದೆ. ಬಾಡಿಗೆಯವರು ಬಾಗಿಲುಗಳಲ್ಲಿ ನಿಂತಿದ್ದರು, ಯಾರೂ ಹತ್ತಿರ ಬರಲಿಲ್ಲ. ನೀವು ಯಜಮಾನರು, ಅವರ ತಪ್ಪೇನಿಲ್ಲ. ಅಮ್ಮ ಒಳಗಿನಿಂದ ಒಂದು ಚೊಂಬು ನೀರು ತಂದು ನನ್ನ ಮೊಣಕೈ ತೊಳೆದಳು. ತೊಳೆಯುವಾಗಲೂ ಮಾತಾಡಲಿಲ್ಲ. ನನಗೆ ಸಿಟ್ಟು ಬಂತು. "ನಿಂಗೆ ಬಾಯಿಲ್ವೇನಮ್ಮಾ?" ಎಂದೆ. ಅವಳು ಚೊಂಬನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು ಎಂದುಕೊಂಡೆ. ಸೀರೆ ಗಂಟು ಹಿಡಿದು ಹೊರಗೆ ಬಂದು ಬೀಗ ಹಾಕಿದಳು.

"ಏಳು. ಮಾರ್ಕೆಟ್ ಬಸ್ ಬರೋ ಒತ್ತಾಯ್ತು" ಎಂದಳು.

"ಅಪ್ಪಂಗೆ ಏನ್ ಹೇಳ್ತೀಯ?"

"ಅವ್ರು ಏನಾರ ಕೇಳುದ್ರೆ ತಾನೆ ಏಳಕ್ಕೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸಿಟಿ ಬರುವವರೆಗೂ ಹೊರಗೆ ನೋಡುತ್ತಲೇ ಇದ್ದಳು. ಮೂವತ್ತು ವರ್ಷದಲ್ಲಿ ಬೇಗೂರು ಬಿಟ್ಟು ಇಷ್ಟು ದೂರ ಬಂದಿದ್ದು ನನ್ನ ಮದುವೆಯ ಮಾರನೆಯ ದಿನ ಮಾತ್ರವಂತೆ.

ಒಂಟಿ ಹೆಂಗಸಿಗೆ ಕೊಡದಿದ್ದ ಮನೆಯನ್ನು, ಜೊತೆಗೆ ತಾಯಿಯಿದ್ದಾಳೆಂದ ಮೇಲೆ ಕೊಟ್ಟರು. ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ಒಂದು ಕೋಣೆ. ನಿಮ್ಮ ಅಳಿಯಂದಿರು ಸಂಬಳದ ದಿನ ಬಾಗಿಲಿಗೆ ಬಂದಿದ್ದರು. ಅಮ್ಮ ಒಲೆಯಿಂದ ಉರಿಯುವ ಸೌದೆಯನ್ನೇ ತೆಗೆದುಕೊಂಡು ಎದ್ದಳು. ಅವರು ಹೋದ ಮೇಲೆ ಅದನ್ನು ಮತ್ತೆ ಒಲೆಗಿಟ್ಟು ಸಾರು ಕುದಿಸಿದಳು. ಆಮೇಲೆ ಅವರು ಬಂದಿಲ್ಲ.

ಅಮ್ಮ ಈಗ ಹೊಲಿಗೆಗೆ ಮೇಣ ಉಜ್ಜುವ ಕೆಲಸಕ್ಕೆ ನನ್ನ ಜೊತೆಯೇ ಬರುತ್ತಾಳೆ. ಆನೇಕಲ್ಲಿನವರಿಗೆ ಡೇರೆ ಬೇಕಾದರೆ ಕಾರ್ಖಾನೆಗೆ ಬಂದು ಎಲ್ಲರ ಹಾಗೆ ಕೇಳಲಿ.

ನಾಗಲಕ್ಷ್ಮಿ

—

ಬೆಂಗಳೂರು, ಆಸ್ಪತ್ರೆ
24-1-1979

ನಾಗಲಕ್ಷ್ಮಿಗೆ,

ಪಕ್ಕದ ಹಾಸಿಗೆಯವನ ಹತ್ತಿರ ಪೆನ್ನು ತೆಗೆದುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸರಿಯಿಲ್ಲ.

ಸಂಕ್ರಾಂತಿಗೆ ಮುಂಚೆ ಕಾಡಿಗೆ ಹೋಗಿದ್ದೆವು. ಹಗಲಲ್ಲೇ ಗಾರ್ಡುಗಳ ಸೀಟಿ ಕೇಳಿತು. ಓಡುವಾಗ ಬಂಡೆಗಳ ಸಂದಿಯಲ್ಲಿ ನನ್ನ ಕಾಲು ಸಿಕ್ಕಿ ಮುರಿಯಿತು. ಮೂಳೆ ಹೊರಗೆ ಬಂದಿತ್ತು. ಬೀಗರು ನನ್ನನ್ನು ಡೇರೆಯವರೆಗೂ ಎಳೆದು ತಂದರು. "ಇಲ್ಲೇ ಬಿದ್ದಿರು ಕಣಯ್ಯಾ, ಉಸಿರೆತ್ಬೇಡ. ಆಳ್ ಕರ್ಕಂಡ್ ಬತ್ತೀನಿ" ಎಂದು ಕೋವಿ ತೆಗೆದುಕೊಂಡು ಹೋದರು. ಬರಲಿಲ್ಲ.

ನಾನು ಕೂಗಿದೆ. ಬಣ್ಣ ಕಾಣಬಾರದೆಂದು ಮಾಡಿಸಿದ ಡೇರೆ ಯಾರಿಗೂ ಕಾಣಲಿಲ್ಲ. ಬಹಳ ಚಳಿಯಿತ್ತು. ಇಬ್ಬನಿ ಒಂದು ಹನಿ ಒಳಗೆ ಬರಲಿಲ್ಲ, ಅದನ್ನು ಹೇಳಬೇಕು. ಕೊನೆಗೆ ಮೂರನೆಯ ದಿನ ಕುರಿಯವರ ನಾಯಿ ವಾಸನೆ ಹಿಡಿದು ಬಂತು. ಅಷ್ಟು ಹೊತ್ತಿಗೆ ಕಾಲು ಕೊಳೆತಿತ್ತು. ಇಲ್ಲಿ ಮಂಡಿಯ ಕೆಳಗೆ ತೆಗೆದುಬಿಟ್ಟರು.

ಬೀಗರಿಗೆ ಹೇಳಿ ಕಳಿಸಿದೆ. ತಾವು ಈ ವರ್ಷ ಕಾಡಿಗೇ ಹೋಗಿಲ್ಲ, ವೆಂಕಟರಮಣಪ್ಪ ಯಾರ ಜೊತೆ ಹೋಗಿದ್ದನೋ ಗೊತ್ತಿಲ್ಲ ಎಂದರಂತೆ. ಕೇಸು ನನ್ನೊಬ್ಬನ ಮೇಲಿದೆ.

ಮುಂದಿನ ವಾರ ಮನೆಗೆ ಕಳಿಸುತ್ತಾರೆ. ವೆಂಕಟಮ್ಮ ಎಷ್ಟು ದಿನ ಅನ್ನ ಹಾಕುತ್ತಾಳೆ? ನಿಮ್ಮಮ್ಮನನ್ನು ಕಳಿಸು. ನೀನೂ ಬರಬಹುದು. ಬಲೆಯ ಕೋಣೆಯನ್ನು ಖಾಲಿ ಮಾಡಿಸಿದ್ದೇನೆ, ಸುಣ್ಣ ಹೊಡೆಸಲು ಹೇಳಿದ್ದೇನೆ. ಕಾಲು ಹೋಗಿದೆ ಎಂದು ಅವಳಿಗೆ ಸರಿಯಾಗಿ ಓದಿ ಹೇಳು.

ನಿನ್ನ ತಂದೆ,
ವೆಂಕಟರಮಣಪ್ಪ

—

ಪೀಣ್ಯ
4-2-1979

ಅಪ್ಪನಿಗೆ,

ನಿಮ್ಮ ಕಾಗದ ಭಾನುವಾರದ ರಜೆಯ ಹಿಂದಿನ ಸಂಜೆ ಬಂತು. ಮಾರನೆಯ ದಿನ ಬೆಳಿಗ್ಗೆ ಅಮ್ಮ ಬಾಗಿಲಲ್ಲಿ ಬಿಸಿಲಿಗೆ ಕೂತು ರಾಗಿ ಕೇರುತ್ತಿದ್ದಾಗ ಓದಿ ಹೇಳಿದೆ. ನೀವು ಹೇಳಿದಂತೆ ಒಂದು ಅಕ್ಷರ ಬಿಡದೆ ಓದಿದೆ. ಬೀಗರು ಬಿಟ್ಟು ಹೋದ ಕಡೆ ಅವಳು ಕೇರುವುದನ್ನು ನಿಲ್ಲಿಸಲಿಲ್ಲ. ಬಲೆಯ ಕೋಣೆಗೆ ಸುಣ್ಣ ಎಂದಾಗಲೂ ನಿಲ್ಲಿಸಲಿಲ್ಲ. ಸುಳ್ಳು ಹೇಳುವುದಿಲ್ಲ, ಜುಲೈ ತಿಂಗಳಲ್ಲಿ ನೀವು ಇದನ್ನು ಬರೆದಿದ್ದರೆ ಅದೇ ದಿನ ಬಸ್ಸು ಹತ್ತುತ್ತಿದ್ದೆ.

ಕಾಲಿನ ವಿಷಯಕ್ಕೆ ಬಂದಾಗ ಮೊರವನ್ನು ಕೆಳಗಿಟ್ಟಳು. "ಅದುನ್ನ ಇನ್ನೊಂದ್ಸಲ ಓದು" ಎಂದಳು. ಓದಿದೆ.

"ಎರಡೂನಾ, ಒಂದಾ?" ಎಂದು ಕೇಳಿದಳು.

"ಒಂದು" ಎಂದೆ.

ಅವಳು ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು.

"ಅಂಗಾರೆ ಎದ್ದು ಬೇಯಿಸ್ಕಂತಾನೆ ಬುಡು" ಎಂದಳು.

ನಾಗಲಕ್ಷ್ಮಿ